ನಾಲ್ಕೂವರೆ ಸೆಕೆಂಡಿನ ಅಯಸ್ಕಾಂತ

ಹಗಲು ಹೊತ್ತಿನಲ್ಲಿ, ಪೂರ್ತಿ ಎಚ್ಚರವಿರುವಾಗಲೇ, ರಾತ್ರಿಯ ನಿದ್ದೆಗೆಂದು ಕೊಡುವ ಚಿಕಿತ್ಸೆಯೊಂದಿದೆ. ರೋಗಿ ಒರಗು ಕುರ್ಚಿಯಲ್ಲಿ ಕೂರುತ್ತಾರೆ. ಹಣೆಯ ಬಲಭಾಗದ ಮೇಲೆ, ಕೂದಲು ಶುರುವಾಗುವ ಕಡೆ, ತಂತಿಯ ಸುರುಳಿಯೊಂದನ್ನು ತಲೆಗೆ ತಾಗಿಸಿ ಹಿಡಿಯುತ್ತಾರೆ. ಸೆಕೆಂಡಿಗೊಂದರಂತೆ ಟಕ್, ಟಕ್ ಎಂಬ ಸದ್ದು. ಅರ್ಧ ಗಂಟೆಗೆ 1,800 ಸಲ, ಹತ್ತು ದಿನಕ್ಕೆ 18,000 ಸಲ. ಪ್ರತಿ ಸದ್ದಿಗೂ ಒಂದು ಕಾಂತಮಿಡಿತ. ಸೆಕೆಂಡನ್ನು ನಾಲ್ಕು ಸಾವಿರ ಚೂರು ಮಾಡಿದರೆ ಒಂದು ಚೂರು ಎಷ್ಟೋ, ಆ ಮಿಡಿತದ ಆಯಸ್ಸು ಹೆಚ್ಚುಕಡಿಮೆ ಅಷ್ಟು. ಗುಣಿಸಿ ನೋಡಿ: ಹತ್ತು ದಿನದಲ್ಲಿ ಕುರ್ಚಿಯಲ್ಲಿ ಕೂತದ್ದು ಐದು ಗಂಟೆ, ಅಷ್ಟರಲ್ಲಿ ಅಯಸ್ಕಾಂತಕ್ಕೆ ಜೀವವಿದ್ದದ್ದು ನಾಲ್ಕೂವರೆ ಸೆಕೆಂಡು.

ಇದರ ಹೆಸರು ಟಿಎಂಎಸ್, ಅಂದರೆ ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್. ತಲೆಬುರುಡೆಯನ್ನು ತೆರೆಯದೆ, ಸೂಜಿ ಚುಚ್ಚದೆ, ಹೊರಗಿನಿಂದಲೇ ಮಿದುಳನ್ನು ಕೆಣಕುವ ವಿಧಾನ. ಖಿನ್ನತೆಗೆ ಇದು ಒಪ್ಪಿತ ಚಿಕಿತ್ಸೆಯಾಗಿ ಹದಿನೈದು ವರ್ಷಕ್ಕೂ ಹೆಚ್ಚಾಯಿತು. ದೀರ್ಘಕಾಲದ ನಿದ್ರಾಹೀನತೆಗೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಇದರಿಂದ ನಿದ್ದೆ ಬರುತ್ತದೆಯೇ ಎಂಬ ಪ್ರಶ್ನೆಗೆ ಬರೋಣ. ಅದಕ್ಕೆ ಮೊದಲು ಇದರೊಳಗಿನ ಅಂಕಿಗಳನ್ನು ನೋಡಲೇಬೇಕು. ಅತಿ ದೊಡ್ಡದೂ ಅತಿ ಚಿಕ್ಕದೂ ಇಷ್ಟು ಹತ್ತಿರ ಬಂದು ನಿಂತ ಇನ್ನೊಂದು ಚಿಕಿತ್ಸೆಯನ್ನು ನಾನು ಓದಿದ್ದಿಲ್ಲ.

ಕಾಂತಕ್ಷೇತ್ರದ ಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಬೆಂಗಳೂರಿನಲ್ಲಿ ನಿಂತವರ ಸುತ್ತ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಅಂದರೆ ಟೆಸ್ಲಾದ ಹತ್ತು ಲಕ್ಷ ಭಾಗಗಳಲ್ಲಿ 40 ಭಾಗ. ದಿಕ್ಸೂಚಿಯ ಮುಳ್ಳು ತಿರುಗುವುದಕ್ಕೆ ಇಷ್ಟು ಸಾಕು. ಟಿಎಂಎಸ್ ಸುರುಳಿಯ ಮುಖದಲ್ಲಿ ಏಳುವ ಕ್ಷೇತ್ರ ಒಂದೂವರೆಯಿಂದ ಎರಡು ಟೆಸ್ಲಾ. ಎರಡು ಎಂದೇ ಹಿಡಿದರೆ ಭೂಮಿಯದಕ್ಕಿಂತ 50 ಸಾವಿರ ಪಟ್ಟು.

ಈಗ ಇನ್ನೊಂದು ತುದಿಗೆ ಹೋಗೋಣ. ಮಿದುಳಿಗೂ ತನ್ನದೇ ಕಾಂತಕ್ಷೇತ್ರವಿದೆ. ನರಕೋಶಗಳಲ್ಲಿ ವಿದ್ಯುತ್ ಹರಿಯುವುದರಿಂದ ತಲೆಯ ಹೊರಗೂ ಅದರ ಸುಳಿವು ಸಿಗುತ್ತದೆ. 1968ರಲ್ಲಿ ಡೇವಿಡ್ ಕೋಹೆನ್ ಎಂಬ ಭೌತವಿಜ್ಞಾನಿ ಇದನ್ನು ಮೊದಲ ಬಾರಿಗೆ ಅಳೆದರು. ಹೊರಗಿನ ಕಾಂತಕ್ಷೇತ್ರ ನುಸುಳದಂತೆ ಕೋಣೆಯನ್ನೇ ಕವಚದಿಂದ ಮುಚ್ಚಿ, ಹತ್ತು ಲಕ್ಷ ಸುತ್ತು ತಂತಿಯ ಸುರುಳಿಯನ್ನು ತಲೆಯ ಪಕ್ಕ ಇಟ್ಟಾಗ ಆ ಪಿಸುಮಾತು ಕೇಳಿಸಿತು. ಅದರ ಬಲ ಟೆಸ್ಲಾದ ಹತ್ತು ಲಕ್ಷ ಕೋಟಿ ಭಾಗಗಳಲ್ಲಿ ಒಂದೋ ಕೆಲವೋ ಭಾಗದಷ್ಟು. ಹಾಗೆಂದರೆ ಚಿಕಿತ್ಸೆಯ ಮಿಡಿತವು ಮಿದುಳಿನ ಸ್ವಂತ ಕಾಂತಕ್ಷೇತ್ರಕ್ಕಿಂತ ಸುಮಾರು 20 ಲಕ್ಷ ಕೋಟಿ ಪಟ್ಟು ದೊಡ್ಡದು. ಮಿದುಳನ್ನು ಕೇಳಿಸಿಕೊಳ್ಳಲು ಹತ್ತು ಲಕ್ಷ ಸುತ್ತು ಬೇಕಾಯಿತು. ಮಿದುಳಿನೊಂದಿಗೆ ಮಾತನಾಡುವ ಟಿಎಂಎಸ್ ಸುರುಳಿಯಲ್ಲಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡು ಬಳೆ, ಸಾಮಾನ್ಯ ಮಾದರಿಯೊಂದರಲ್ಲಿ ಬಳೆಗೆ ಒಂಬತ್ತೇ ಸುತ್ತು.

ಇಷ್ಟು ದೊಡ್ಡ ಕಾಂತಕ್ಷೇತ್ರ ತಲೆಯನ್ನು ಹೊಕ್ಕರೆ ಮಿದುಳು ಸುಟ್ಟುಹೋಗುವುದಿಲ್ಲವೇ? ಹಾಗಾದರೆ ಎಂಆರ್‌ಐ ಯಂತ್ರದೊಳಗೆ ಮಲಗಿದವರ ಕಥೆ ಏನು? ಅಲ್ಲಿ ಒಂದೂವರೆ, ಮೂರು ಟೆಸ್ಲಾಗಳಲ್ಲಿ ಅರ್ಧ ಗಂಟೆ ಮಲಗಿ ಎದ್ದು ಬರುತ್ತೇವೆ; ಒಂದು ಬೆರಳೂ ಅದುರುವುದಿಲ್ಲ. ಆ ದೊಡ್ಡ ಕ್ಷೇತ್ರ ಅಲುಗದೆ ನಿಂತಿರುತ್ತದೆ. ನಿಂತ ಕಾಂತಕ್ಷೇತ್ರ ನರವನ್ನು ತಟ್ಟುವುದಿಲ್ಲ, ಬದಲಾಗುವ ಕಾಂತಕ್ಷೇತ್ರ ತಟ್ಟುತ್ತದೆ. 1831ರ ಆಗಸ್ಟ್ 29ರಂದು ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಕಬ್ಬಿಣದ ಉಂಗುರಕ್ಕೆ ತಂತಿ ಸುತ್ತಿ ಕಂಡುಕೊಂಡ ನಿಯಮ ಇದೇ. ಟಿಎಂಎಸ್ ಸುರುಳಿ ಸೊನ್ನೆಯಿಂದ ಎರಡು ಟೆಸ್ಲಾಗೆ ಏರಲು ತೆಗೆದುಕೊಳ್ಳುವ ಸಮಯ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಮಾತ್ರ. ಬದಲಾವಣೆಯ ವೇಗ ಸೆಕೆಂಡಿಗೆ 20 ಸಾವಿರ ಟೆಸ್ಲಾ! ಆ ವೇಗಕ್ಕೇ ಮಿದುಳಿನೊಳಗೆ ವಿದ್ಯುತ್ ಹುಟ್ಟುತ್ತದೆ.

ಈ ವೇಗವನ್ನು ಸಾಧಿಸುವ ಪೆಟ್ಟಿಗೆಯೊಳಗೆ ನಡೆಯುವುದೂ ಸಣ್ಣ ವಿಷಯವಲ್ಲ. ಕೆಪಾಸಿಟರಿನಲ್ಲಿ ಎರಡು ಸಾವಿರ ವೋಲ್ಟಿನಷ್ಟು ವಿದ್ಯುತ್ತನ್ನು ತುಂಬಿಟ್ಟು, ಒಂದೇ ಏಟಿಗೆ ಸುರುಳಿಗೆ ಬಿಡುತ್ತಾರೆ. ಸಾವಿರಾರು ಆಂಪಿಯರ್ ಕರೆಂಟು ನುಗ್ಗುತ್ತದೆ. ನಮ್ಮ ಮನೆಯ ದಪ್ಪ ಪ್ಲಗ್ಗಿನ ಮಿತಿ 16 ಆಂಪಿಯರ್. 500 ಜೂಲ್ ಶಕ್ತಿ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಲ್ಲಿ ಹೊರಬಿದ್ದರೆ ಆ ಕ್ಷಣದ ಸಾಮರ್ಥ್ಯ 50 ಲಕ್ಷ ವ್ಯಾಟ್. ಇಡೀ ಮಿದುಳು ಬದುಕಿರುವುದು ಸುಮಾರು 20 ವ್ಯಾಟಿನಲ್ಲಿ. ಆ 50 ಲಕ್ಷದಲ್ಲಿ ತಲೆಯೊಳಗೆ ಇಳಿಯುವುದು ಅತ್ಯಲ್ಪ. ಬಹುಪಾಲು ಸುರುಳಿಯ ಸುತ್ತ ಕಾಂತಕ್ಷೇತ್ರವಾಗಿ ಎದ್ದು, ಹೆಚ್ಚಿನ ಯಂತ್ರಗಳಲ್ಲಿ ತಿರುಗಿ ಕೆಪಾಸಿಟರಿಗೇ ಸೇರುತ್ತದೆ. ಕರೆಂಟಿನ ಬಲಕ್ಕೆ ಸುರುಳಿಯ ತಂತಿಗಳು ಒಂದನ್ನೊಂದು ತಳ್ಳಿ ಅದುರುತ್ತವೆ. ಟಕ್ ಎಂಬ ಸದ್ದು ಅದರದೇ. ಅದು ಕಿವಿಗೆ ಅಪಾಯ ಮಾಡುವಷ್ಟು ಜೋರು, ಆದ್ದರಿಂದ ಕಿವಿಗೆ ಬೆಣೆ ಇಡದೆ ಚಿಕಿತ್ಸೆ ಕೊಡಬಾರದು.

ಕಾಂತಕ್ಷೇತ್ರವೇ ಏಕೆ, ನೇರವಾಗಿ ಕರೆಂಟು ಕೊಟ್ಟರಾಗದೇ ಎಂದು ಕೇಳಬಹುದು. ಕೊಟ್ಟು ನೋಡಿದ್ದಾರೆ. 1980ರಲ್ಲಿ ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ಎಂಬ ಇಬ್ಬರು ತಲೆಯ ಚರ್ಮದ ಮೇಲಿಂದ ಭಾರೀ ವೋಲ್ಟೇಜಿನ ಏಟು ಕೊಟ್ಟು ಕೈಯ ಸ್ನಾಯು ಅದುರುವಂತೆ ಮಾಡಿದರು. ಕೆಲಸವೇನೋ ಆಯಿತು, ಆದರೆ ವಿಪರೀತ ನೋವು. ಬುರುಡೆಯ ಮೂಳೆ ವಿದ್ಯುತ್ತಿಗೆ ಬಹಳ ಅಡ್ಡಿ. ಅದನ್ನು ದಾಟಿಸಲು ಹೊರಟರೆ ಚರ್ಮ, ಸ್ನಾಯುಗಳೇ ಏಟು ತಿನ್ನುತ್ತವೆ. ಕಾಂತಕ್ಷೇತ್ರಕ್ಕೆ ಮೂಳೆ ಇದ್ದೂ ಇಲ್ಲದಂತೆ. ಐದು ವರ್ಷದ ನಂತರ, 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಾವೇ ಕಟ್ಟಿದ ಯಂತ್ರದ ಸುರುಳಿಯನ್ನು ನೆತ್ತಿಯ ಮೇಲೆ ಹಿಡಿದು ಗುಂಡಿ ಒತ್ತಿದರು. ನೋವಿಲ್ಲದೆ ಕೈ ಅದುರಿತು. ಇಂದಿನ ಟಿಎಂಎಸ್ ಶುರುವಾದದ್ದು ಅಲ್ಲಿಂದ.

ನನ್ನನ್ನು ಅತಿ ಹೆಚ್ಚು ಬೆರಗಾಗಿಸಿದ ಲೆಕ್ಕ ಇನ್ನು ಮುಂದಿದೆ. ಇಷ್ಟೆಲ್ಲ ಆರ್ಭಟದ ಕೊನೆಗೆ ಮಿದುಳಿನ ಹೊರಪದರದಲ್ಲಿ ಹುಟ್ಟುವ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 100 ವೋಲ್ಟ್. ಮಿಲಿಮೀಟರಿಗೆ ವೋಲ್ಟಿನ ಹತ್ತನೇ ಒಂದು ಭಾಗ. ಈಗ ಒಂದೇ ಒಂದು ನರಕೋಶದ ಪೊರೆಯನ್ನು ನೋಡಿ. ಒಳಗೂ ಹೊರಗೂ ಇರುವ ವ್ಯತ್ಯಾಸ 70 ಮಿಲಿವೋಲ್ಟ್. ತೀರ ಕಡಿಮೆ ಅನ್ನಿಸುತ್ತದೆ. ಆದರೆ ಪೊರೆಯ ದಪ್ಪ ಸುಮಾರು ಏಳು ನ್ಯಾನೋಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿ ಏಳನ್ನು ತೆಗೆದುಕೊಂಡಷ್ಟು. ಅಷ್ಟು ತೆಳುವಿನಲ್ಲಿ 70 ಮಿಲಿವೋಲ್ಟ್ ನಿಂತಿದೆ ಎಂದರೆ ಮೀಟರಿಗೆ ಒಂದು ಕೋಟಿ ವೋಲ್ಟ್! ಒಣಗಾಳಿ ಸೀಳಿ ಕಿಡಿ ಹಾರುವುದು ಮೀಟರಿಗೆ 30 ಲಕ್ಷ ವೋಲ್ಟಿಗೆ. ಅದರ ಮೂರು ಪಟ್ಟು ಒತ್ತಡವನ್ನು ನಮ್ಮ ಪ್ರತಿಯೊಂದು ನರಕೋಶವೂ ತನ್ನ ಪೊರೆಯ ಮೇಲೆ ಹಗಲೂ ರಾತ್ರಿ ಹೊತ್ತುಕೊಂಡಿರುತ್ತದೆ. ಅಂಥ ಕೋಶಗಳು ತಲೆಯಲ್ಲಿ 8,600 ಕೋಟಿ. ಬ್ರೆಜಿಲಿನ ಸುಜಾನಾ ಹರ್ಕುಲಾನೋ-ಹೌಜೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಎಣಿಕೆ ಇದು.

ಒಂದು ಕೋಟಿಯ ಮುಂದೆ ನೂರು ಎಷ್ಟರದು? ಆದರೂ ಸಾಕಾಗುತ್ತದೆ. ನರಕೋಶ ಸಿಡಿಯಲು ಪೊರೆಯ 70 ಮಿಲಿವೋಲ್ಟ್ 55ಕ್ಕೆ ಇಳಿದರೆ ಆಯಿತು. ಅಂಚಿನವರೆಗೆ ತುಂಬಿದ ಕೊಡಕ್ಕೆ ಒಂದು ಹನಿ ಬಿದ್ದರೂ ನೀರು ಹೊರಚೆಲ್ಲುವಂತೆ, ಮೀಟರಿಗೆ ನೂರು ವೋಲ್ಟಿನ ಕ್ಷೇತ್ರವು ನರತಂತುವಿನ ಬಾಗಿನಲ್ಲಿ, ತುದಿಯಲ್ಲಿ ಆ 15 ಮಿಲಿವೋಲ್ಟನ್ನು ಒದಗಿಸುತ್ತದೆ. ಅಲ್ಲಿಂದಾಚೆಗೆ ಓಡುವ ಸಂದೇಶವೆಲ್ಲ ಕೋಶದ ಸ್ವಂತ ಶಕ್ತಿಯದು. 50 ಲಕ್ಷ ವ್ಯಾಟಿನ ಯಂತ್ರ ಮಾಡುವುದು ಇಷ್ಟೇ: ಕೂಡಿಟ್ಟ ಶಕ್ತಿಯನ್ನು ಬಿಡು ಎಂದು ಕೋಶಕ್ಕೆ ಹೇಳುವುದು.

ಹೇಳಿದ್ದು ತಲುಪಿತೇ ಎಂದು ತಿಳಿಯಲು ವೈದ್ಯರಿಗೆ ಒಂದು ಸರಳ ಪರೀಕ್ಷೆಯಿದೆ. ಮೊದಲು ಸುರುಳಿಯನ್ನು ಕೈಯನ್ನು ಆಡಿಸುವ ಜಾಗದ ಮೇಲೆ ಹಿಡಿದು ಮಿಡಿತ ಕೊಡುತ್ತಾರೆ. ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಸಂದೇಶ ಬೆನ್ನುಹುರಿಯಲ್ಲಿ ಇಳಿದು ತೋಳಿನುದ್ದಕ್ಕೂ ಓಡಿ, ಹೆಬ್ಬೆರಳು ಚಿಮ್ಮುತ್ತದೆ. ಹತ್ತು ಸಲದಲ್ಲಿ ಐದು ಸಲ ಚಿಮ್ಮಿಸುವ ಕನಿಷ್ಠ ಬಲವೇ ಆ ವ್ಯಕ್ತಿಯ ಅಳತೆ. ಡೋಸನ್ನು ಅದರ ಶೇಕಡಾವಾರು ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. ನಿದ್ದೆಯ ಔಷಧವನ್ನು ಹೆಬ್ಬೆರಳು ನೋಡಿ ಅಳೆಯುವುದು ನನಗಂತೂ ಈ ಚಿಕಿತ್ಸೆಯ ಅತ್ಯಂತ ಸುಂದರ ಭಾಗ.

ಆದರೆ ನಿದ್ದೆ ಎಲ್ಲಿದೆ? ಮೊದಲ ಮಹಾಯುದ್ಧದ ಸಮಯದಲ್ಲಿ ವಿಯೆನ್ನಾದಲ್ಲಿ ಹರಡಿದ ಮಿದುಳಿನ ಉರಿಯೂತವೊಂದರ ರೋಗಿಗಳನ್ನು ನೋಡುತ್ತಿದ್ದ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ, ನಿದ್ದೆ-ಎಚ್ಚರಗಳ ಕೀಲಿ ಮಿದುಳಿನ ತಳದಲ್ಲಿ, ಹೈಪೊಥಲಾಮಸ್ ಇರುವಲ್ಲಿ ಇದೆ ಎಂದು ಗುರುತಿಸಿದರು. ಅದು ನಿಜವೆಂದು ನಂತರದ ಸಂಶೋಧನೆ ತೋರಿಸಿತು. ಎಂಟರ ಆಕಾರದ ಸುರುಳಿಯ ಕೈ ಚಾಚುವುದು ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಮಾತ್ರ. ಆ ಕೀಲಿಯನ್ನು ಅದು ಮುಟ್ಟಲಾರದು. ಅದಕ್ಕೆ ಸಿಗುವುದು ಹೊರಪದರವಾದ ಕಾರ್ಟೆಕ್ಸ್: ಬಿಡಿಸಿ ಹರಡಿದರೆ ಸುಮಾರು ಎರಡು ಸಾವಿರ ಚದರ ಸೆಂಟಿಮೀಟರ್ ವಿಸ್ತಾರ, 1,600 ಕೋಟಿ ನರಕೋಶ, ಚದರ ಸೆಂಟಿಮೀಟರಿಗೆ ಸರಾಸರಿ 80 ಲಕ್ಷ.

ಆಳನಿದ್ದೆ ಕಣ್ಣಿಗೆ ಕಾಣುವುದೂ ಈ ಕಾರ್ಟೆಕ್ಸಿನಲ್ಲೇ. ಕೋಟಿಗಟ್ಟಲೆ ಕೋಶಗಳು ಒಟ್ಟಿಗೆ ಸುಮ್ಮನಾಗುತ್ತವೆ, ಒಟ್ಟಿಗೆ ಮತ್ತೆ ಮಾತಾಡುತ್ತವೆ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ. ಮಿದುಳಿನ ವಿದ್ಯುತ್ತನ್ನು ತಲೆಯ ಮೇಲಿಂದ ದಾಖಲಿಸುವ ಇಇಜಿಯಲ್ಲಿ ಅದು ದೊಡ್ಡ, ನಿಧಾನದ ಅಲೆಯಾಗಿ ಮೂಡುತ್ತದೆ. ದೊಡ್ಡದೆಂದರೆ 75 ಮೈಕ್ರೋವೋಲ್ಟಿಗಿಂತ ಹೆಚ್ಚು. ಗೋಡೆ ಗಡಿಯಾರದ ಸೆಲ್ಲಿನ ಇಪ್ಪತ್ತು ಸಾವಿರದ ಒಂದು ಭಾಗ. ಒಂದೂವರೆ ಗಂಟೆ ಆಳನಿದ್ದೆ ಸಿಕ್ಕರೆ ಅಂಥ ಅಲೆಗಳು ನಾಲ್ಕು ಸಾವಿರದ ಮೇಲೆ ತಲೆಯ ಮೇಲೆ ಹಾದುಹೋದಾವು.

ಇಲ್ಲಿ ಎರಡು ಪ್ರಯೋಗಗಳನ್ನು ನಿಧಾನವಾಗಿ ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಮಾರ್ಚೆಲೋ ಮಸಿಮಿನಿ, ಜೂಲಿಯೋ ಟೊನೋನಿ ಮತ್ತಿತರರು 2005ರಲ್ಲಿ ಎಚ್ಚರವಿದ್ದವರ ತಲೆಗೂ ಅವರೇ ನಿದ್ದೆಹೋದ ಮೇಲೂ ಒಂದೇ ತೆರನಾದ ಮಿಡಿತ ಕೊಟ್ಟು ನೋಡಿದರು. ಎಚ್ಚರವಿದ್ದಾಗ ಒಂದು ಮಿಡಿತದ ಮಾರ್ದನಿ ಸೆಕೆಂಡಿನ ಮೂರರಲ್ಲಿ ಒಂದು ಭಾಗದಷ್ಟು ಹೊತ್ತು ಕಾರ್ಟೆಕ್ಸಿನ ಒಂದೆಡೆಯಿಂದ ಇನ್ನೊಂದೆಡೆಗೆ ಓಡಾಡಿತು. ಆಳನಿದ್ದೆಯಲ್ಲಿ ಅದೇ ಮಿಡಿತಕ್ಕೆ ಮೊದಲ ಪ್ರತಿಕ್ರಿಯೆ ಇನ್ನೂ ಜೋರಾಗಿಯೇ ಬಂತು, ಆದರೆ ಅಲ್ಲೇ ಅಡಗಿತು. ಪಕ್ಕದ ಓಣಿಗೂ ಸುದ್ದಿ ಹೋಗಲಿಲ್ಲ. ನಿದ್ದೆಯಲ್ಲಿ ಕೋಶಗಳು ಸತ್ತಂತೆ ಬಿದ್ದಿರುವುದಿಲ್ಲ, ಪರಸ್ಪರ ಮಾತು ಬಿಟ್ಟಿರುತ್ತವೆ ಎಂಬುದು ಇಷ್ಟು ನೇರವಾಗಿ ಕಂಡದ್ದು ಆಗಲೇ. ಎರಡು ವರ್ಷದ ನಂತರ ಅದೇ ತಂಡ ಮಲಗಿದವರ ಕಿವಿಗೆ ಟಕ್ ಸದ್ದನ್ನು ಮುಚ್ಚುವ ಬೇರೆ ಸದ್ದು ಕೇಳಿಸುತ್ತ, ಸೆಕೆಂಡಿಗೆ ಒಂದಕ್ಕಿಂತ ತುಸು ಕಡಿಮೆ ವೇಗದಲ್ಲಿ ಮಿಡಿತ ಕೊಟ್ಟಿತು. ಪ್ರತಿ ಮಿಡಿತಕ್ಕೂ ಒಂದೊಂದು ಆಳನಿದ್ದೆಯ ಅಲೆ ಎದ್ದು, ಸುರುಳಿಯ ಕೆಳಗಿನಿಂದ ಹೊರಟು ಇಡೀ ಕಾರ್ಟೆಕ್ಸಿಗೆ ಹರಡಿತು. ಯಂತ್ರದ ಗುಂಡಿ ಒತ್ತಿದಾಗಲೆಲ್ಲ ಆಳನಿದ್ದೆಯ ಒಂದು ಅಲೆ!

ಇವು ಆರೋಗ್ಯವಂತರ ಮೇಲೆ ನಡೆದವು. ನಿದ್ರಾಹೀನರ ಮಿದುಳಿನ ತೊಂದರೆ ಬೇರೆ: ಅದು ಆರುವುದಿಲ್ಲ. 2004ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಏಳು ನಿದ್ರಾಹೀನರನ್ನೂ 20 ಆರೋಗ್ಯವಂತರನ್ನೂ ಸ್ಕ್ಯಾನ್ ಮಾಡಿದಾಗ, ನಿದ್ರಾಹೀನರ ಮಿದುಳು ಎಚ್ಚರದಲ್ಲೂ ನಿದ್ದೆಯಲ್ಲೂ ಹೆಚ್ಚು ಸಕ್ಕರೆ ಸುಡುತ್ತಿತ್ತು. 2010ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಟಿಎಂಎಸ್ ಮಿಡಿತವನ್ನೇ ಅಳತೆಗೋಲಾಗಿ ಬಳಸಿ, ಇಂಥವರ ಕಾರ್ಟೆಕ್ಸ್ ಬೇಗ ಕೆರಳುತ್ತದೆ, ನಿದ್ದೆಗೆಂದು ಬೇರೆ ಚಿಕಿತ್ಸೆ ಕೊಟ್ಟ ನಂತರವೂ ಆ ಕೆರಳು ಗುಣ ಉಳಿದಿರುತ್ತದೆ ಎಂದು ತೋರಿಸಿದರು. “ಮಲಗಿದ ಕೂಡಲೇ ತಲೆ ಓಡಲು ಶುರುವಾಗುತ್ತೆ ಡಾಕ್ಟ್ರೇ” ಎಂದು ರೋಗಿಗಳು ಹೇಳುವುದು ಕಟ್ಟುಕತೆಯಲ್ಲ. ಅದನ್ನು ಅಳೆಯಬಹುದು.

ಸೆಕೆಂಡಿಗೊಂದು ಮಿಡಿತ ಎಂಬ ಲೆಕ್ಕ ಬಂದದ್ದು ಇದಕ್ಕೇ. ವೇಗದ ಮಿಡಿತ ಕಾರ್ಟೆಕ್ಸನ್ನು ಎಬ್ಬಿಸುತ್ತದೆ, ನಿಧಾನದ ಮಿಡಿತ ತಣಿಸುತ್ತದೆ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕಾಲು ಗಂಟೆ, 810 ನಿಧಾನದ ಮಿಡಿತ ಕೊಟ್ಟಾಗ, ಕೈಯ ಜಾಗದ ಕೆರಳುವಿಕೆ ಶೇಕಡಾ 20ರಷ್ಟು ಇಳಿದು, ಯಂತ್ರ ನಿಂತ ಮೇಲೂ ಕಾಲು ಗಂಟೆಯಾದರೂ ಹಾಗೇ ಇತ್ತು. ದಿನದಿಂದ ದಿನಕ್ಕೆ ಇದನ್ನೇ ಮತ್ತೆ ಮತ್ತೆ ಮಾಡಿದರೆ ಕೋಶಗಳ ನಡುವಿನ ಬೆಸುಗೆಗಳೇ ಸಡಿಲಗೊಂಡು ಪರಿಣಾಮ ಉಳಿಯುತ್ತದೆ ಎಂಬುದು ಚಿಕಿತ್ಸೆಯ ಆಧಾರ. ಅದಕ್ಕಾಗಿ ಹಣೆಯ ಹಿಂದಿನ ಬಲಭಾಗವನ್ನೋ, ಕೆಲವು ಕಡೆ ಬಲ ಪಾರ್ಶ್ವದ ನಡುನೆತ್ತಿಯ ಹಿಂಭಾಗವನ್ನೋ ಆರಿಸಿಕೊಳ್ಳುತ್ತಾರೆ.

ನಿದ್ದೆ ಬಂತೇ? ಚೀನಾದಲ್ಲಿ 120 ರೋಗಿಗಳನ್ನು ತಲಾ 40ರ ಮೂರು ಗುಂಪು ಮಾಡಿ, ಒಂದಕ್ಕೆ ಮಿಡಿತ, ಒಂದಕ್ಕೆ ಮಾತ್ರೆ, ಒಂದಕ್ಕೆ ಮನೋಚಿಕಿತ್ಸೆಯನ್ನು ಎರಡು ವಾರ ಕೊಟ್ಟು 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆಳನಿದ್ದೆ ಮತ್ತು ಕನಸಿನ ನಿದ್ದೆ ಹೆಚ್ಚು ಸುಧಾರಿಸಿದ್ದು ಮಿಡಿತದ ಗುಂಪಿನಲ್ಲಿ. 2021ರಲ್ಲಿ ಇಂಥ 36 ಪ್ರಯೋಗಗಳನ್ನು ಒಟ್ಟು ಹಾಕಿದ ವಿಮರ್ಶೆಯೂ ಸುಳ್ಳು ಸುರುಳಿಗಿಂತ ನಿಜವಾದ ಸುರುಳಿ ಮೇಲು ಎಂದಿತು. ಸುಳ್ಳು ಸುರುಳಿ ಎಂದರೆ ಸದ್ದು ಮಾಡುವ, ಮಿದುಳನ್ನು ಮುಟ್ಟದ ಸುರುಳಿ. ಆದರೆ ಆ 36 ಪ್ರಯೋಗಗಳಲ್ಲಿ ಇದ್ದವರೆಲ್ಲ ಸೇರಿ 2,357 ಜನ. ಪ್ರಯೋಗಕ್ಕೆ ಸರಾಸರಿ 65. ಜಗತ್ತಿನಲ್ಲಿ ನಿದ್ರಾಹೀನತೆಯಿಂದ ನರಳುವ ವಯಸ್ಕರು ಸುಮಾರು 85 ಕೋಟಿ ಎಂದು ಇತ್ತೀಚಿನ ಅಂದಾಜು. ಮೂರೂವರೆ ಲಕ್ಷ ರೋಗಿಗಳಿಗೆ ಒಬ್ಬರಂತೆ ಪರೀಕ್ಷಿಸಿದ ಹಾಗಾಯಿತು. ಅದರಲ್ಲೂ ಹೆಚ್ಚಿನವು ಚಿಕ್ಕ ಪ್ರಯೋಗಗಳು. ಜಾಗ ಬೇರೆ, ಡೋಸ್ ಬೇರೆ, ದಿನಗಳೂ ಬೇರೆ. ನಿಜವಾದ ಮಿಡಿತ ತಲೆಯ ಚರ್ಮವನ್ನು ಕುಟುಕುತ್ತದೆ, ಸುಳ್ಳಿನದು ಹಾಗೆ ಕುಟುಕದಿದ್ದರೆ ತಾನು ಯಾವ ಗುಂಪಿನಲ್ಲಿದ್ದೇನೆಂದು ರೋಗಿ ಊಹಿಸಬಲ್ಲ. ನಂಬಿಕೆಯಿಂದಲೇ ಅರ್ಧ ಬರುವ ನಿದ್ದೆಯ ವಿಷಯದಲ್ಲಿ ಇದು ಚಿಕ್ಕ ಲೋಪವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2008ರಲ್ಲಿ ಖಿನ್ನತೆಗೆ, 2018ರಲ್ಲಿ ಗೀಳು ಕಾಯಿಲೆಗೆ ಟಿಎಂಎಸ್ ಒಪ್ಪಿದೆ. ನಿದ್ರಾಹೀನತೆಗೆ ಒಪ್ಪಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಖಿನ್ನತೆ, ಗೀಳು, ಸ್ಕಿಜೋಫ್ರೇನಿಯಾ ರೋಗಿಗಳಿಗೆ ಟಿಎಂಎಸ್ ಕೊಡುತ್ತಾರೆ. ನಿದ್ದೆಯ ಸಂಶೋಧನೆಯೂ ಅಲ್ಲಿ ಹಳೆಯದು. ದೀರ್ಘಕಾಲ ವಿಪಶ್ಯನ ಧ್ಯಾನ ಮಾಡಿದವರ ಆಳನಿದ್ದೆಯನ್ನು ಬಿಂದು ಕುಟ್ಟಿ ಮತ್ತು ಸಹೋದ್ಯೋಗಿಗಳು ರಾತ್ರಿಯಿಡೀ ಅಳೆದು ಜಗತ್ತಿನ ಗಮನಕ್ಕೆ ತಂದಿದ್ದಾರೆ. ಸುರುಳಿಯೂ ಇಇಜಿಯೂ ಒಂದೇ ಆವರಣದಲ್ಲಿರುವ ಇಂಥ ಕಡೆ ಸಾವಿರ ಜನರ ಒಂದು ಗಟ್ಟಿ ಪ್ರಯೋಗ ನಡೆಯಬೇಕು. ಅದಕ್ಕೆ ಸರ್ಕಾರ ಹಣ ಕೊಡಬೇಕು.

ನಿದ್ದೆ ಬಾರದೆ ಇದನ್ನು ಓದುತ್ತಿರುವವರಿಗೆ ಒಂದು ಮಾತು. ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ, ವೈದ್ಯರನ್ನು ಕಾಣಿರಿ. ಗೊರಕೆ, ಉಸಿರುಕಟ್ಟು, ಥೈರಾಯ್ಡ್, ಖಿನ್ನತೆ ಇವನ್ನು ಮೊದಲು ನೋಡಿಸಿಕೊಳ್ಳಿ. ಮೊದಲ ಮದ್ದು ಸಿಬಿಟಿ-ಐ, ಅಂದರೆ ನಿದ್ದೆಗೆಂದೇ ರೂಪಿಸಿದ ವರ್ತನೆಯ ಚಿಕಿತ್ಸೆ. ಆರೆಂಟು ಭೇಟಿಗಳಲ್ಲಿ ಮುಗಿಯುವ ಇದನ್ನೇ ಮೊದಲು ಕೊಡಬೇಕೆಂದು 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು ಸ್ಪಷ್ಟವಾಗಿ ಹೇಳಿದೆ. ಅದಾದ ಮೇಲೂ ಸುರುಳಿಯತ್ತ ಹೋಗುವುದಾದರೆ, ಮೂರ್ಛೆರೋಗ ಇದ್ದರೆ ಅಥವಾ ತಲೆಯಲ್ಲಿ ಲೋಹ, ಕಾಕ್ಲಿಯರ್ ಯಂತ್ರ ಇದ್ದರೆ ಮೊದಲೇ ತಿಳಿಸಿ. ಫಿಟ್ಸ್ ಬರುವ ಅಪಾಯ 30 ಸಾವಿರ ಸೆಷನ್‌ಗಳಲ್ಲಿ ಒಂದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಯಾವ ಜಾಗಕ್ಕೆ, ಎಷ್ಟು ಮಿಡಿತ, ನನ್ನ ಹೆಬ್ಬೆರಳಿನ ಅಳತೆ ತೆಗೆದಿರಾ ಎಂದು ಕೇಳಿ. ಉತ್ತರ ಕೊಡದೆ ಪ್ಯಾಕೇಜಿನ ಬೆಲೆ ಮಾತ್ರ ಹೇಳುವ ಕಡೆಯಿಂದ ಎದ್ದು ಬನ್ನಿ.